ಜನ ದಿನಕ್ಕೆ ಎಷ್ಟು ಮೈ ಬಗ್ಗಿಸುತ್ತಾರೆ? ಊರು, ಕೆಲಸ, ವಯಸ್ಸು ನೋಡಿಕೊಂಡು ಅಳೆಯುವ ದಾರಿ

ಬೆಳಗಿನ ಜಾವ ಎದ್ದು ಕೊಟ್ಟಿಗೆ ಗುಡಿಸಿ, ಹಾಲು ಕರೆದು, ನೀರು ಹೊತ್ತು ತಂದು, ಆಮೇಲೆ ಕಳೆ ಕೀಳಲು ಹೊಲಕ್ಕೆ ಹೋಗುವ ಹೆಂಗಸಿನ ಹತ್ತಿರ "ನೀವು ವ್ಯಾಯಾಮ ಮಾಡ್ತೀರಾ?" ಅಂತ ಕೇಳಿ ನೋಡಿ. "ಇಲ್ಲಪ್ಪ, ಅದಕ್ಕೆಲ್ಲ ಪುರುಸೊತ್ತು ಎಲ್ಲಿದೆ" ಅನ್ನುತ್ತಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರನ್ನು ಕೇಳಿ. "ದಿನಾ ಅರ್ಧ ಗಂಟೆ ವಾಕಿಂಗ್" ಅನ್ನುತ್ತಾರೆ. ಇಬ್ಬರ ಉತ್ತರವನ್ನೂ ಹಾಗೇ ಬರೆದುಕೊಂಡರೆ ಹೊಲದಲ್ಲಿ ಬಗ್ಗಿದವರು ಸೋಮಾರಿ, ಕುರ್ಚಿಯಲ್ಲಿ ಕೂತವರು ಚುರುಕು ಅಂತ ಫಲಿತಾಂಶ ಬರುತ್ತದೆ. ಇಂಥ ಲೆಕ್ಕ ನಮ್ಮಲ್ಲಿ ಬೇಕಾದಷ್ಟು ಸಮೀಕ್ಷೆಗಳಲ್ಲಿ ನುಸುಳುತ್ತದೆ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು.

ಸಮಾಜಕಾರ್ಯ, ಸಾರ್ವಜನಿಕ ಆರೋಗ್ಯ, ನರ್ಸಿಂಗ್ ಓದುವವರು, ದೈಹಿಕ ಶಿಕ್ಷಕರು, ಸಂಘ ಸಂಸ್ಥೆಗಳಲ್ಲಿ ಕೆಲಸ ಮಾಡುವವರು ತಮ್ಮ ಊರಿನಲ್ಲೋ ಶಾಲೆಯಲ್ಲೋ ದೈಹಿಕ ಚಟುವಟಿಕೆಯ ಬಗ್ಗೆ ಒಂದು ಸಣ್ಣ ಸಮೀಕ್ಷೆ ಮಾಡಬೇಕಾದಾಗ ಕೈಗೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಒಂದೇ. ಅಳತೆಗೋಲನ್ನು ಮೊದಲು ಆರಿಸಬೇಡಿ. ಆ ಜನರ ಮೈ ದಣಿಯುವುದು ದಿನದ ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಅಂತ ಮೊದಲು ನೋಡಿ.

ದೇಶದ ದೊಡ್ಡ ಅಂಕಿಗಳೇ ಒಂದಕ್ಕೊಂದು ಹೊಂದುವುದಿಲ್ಲ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಅನ್ನುವ ಮಧುಮೇಹ ಅಧ್ಯಯನದ ವರದಿ 2014ರಲ್ಲಿ ಬಂತು. ಅದರ ಪ್ರಕಾರ ಶೇ. 54.4 ಮಂದಿ ನಿಷ್ಕ್ರಿಯರು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 18ರಿಂದ 69 ವರ್ಷದವರಲ್ಲಿ ಶೇ. 41.3 ಮಂದಿಗೆ ಚಟುವಟಿಕೆ ಸಾಲದು ಅಂತ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2022ನೇ ವರ್ಷಕ್ಕೆ ಹಾಕಿದ ಅಂದಾಜಿನಲ್ಲಿ ಭಾರತದ ಲೆಕ್ಕ ಹತ್ತಿರ ಹತ್ತಿರ ಅರ್ಧ, ಹೆಂಗಸರಲ್ಲಿ ಸುಮಾರು ಶೇ. 57, ಗಂಡಸರಲ್ಲಿ ಸುಮಾರು ಶೇ. 42. ವರ್ಷ ಬೇರೆ, ರಾಜ್ಯ ಬೇರೆ, ವಯಸ್ಸು ಬೇರೆ, ಲೆಕ್ಕ ಹಾಕಿದ ರೀತಿಯೂ ಬೇರೆ. ಹಾಗಾಗಿ ನಿಮ್ಮ ಊರಿನ ಅಂಕಿಯನ್ನು ಇವುಗಳ ಪಕ್ಕದಲ್ಲಿಟ್ಟು "ನಮ್ಮವರು ದೇಶಕ್ಕಿಂತ ಮುಂದೆ" ಅಂತ ಬರೆಯುವ ಮೊದಲು ಎರಡು ಸಲ ಯೋಚಿಸಿ.

ಮೊದಲ ಹೆಜ್ಜೆ: ಏನು ತಿಳಿಯಬೇಕು ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ದೈಹಿಕ ಚಟುವಟಿಕೆ ಅಳೆಯುವುದು" ಅಂದರೆ ಏನೂ ಹೇಳಿದಂತಾಗಲಿಲ್ಲ. ವಾರಕ್ಕೆ ಬೇಕಾದಷ್ಟು ಚಟುವಟಿಕೆ ಎಷ್ಟು ಜನರಿಗಿದೆ ಅನ್ನುವುದು ಒಂದು ಪ್ರಶ್ನೆ. ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತಾರೆ ಅನ್ನುವುದು ಇನ್ನೊಂದು. ಎಷ್ಟು ಕ್ಯಾಲರಿ ಕರಗುತ್ತದೆ ಅನ್ನುವುದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಸಾಧನ ಬೇಕು. ಕ್ಯಾಲರಿಯನ್ನು ಮನೆ ಮನೆ ತಿರುಗುವವರು ಅಳೆಯುವುದು ಬಿಡಿ. ಅದಕ್ಕೆ ಐಸೊಟೋಪ್ ಗುರುತು ಹಾಕಿದ ನೀರು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ತೆಗೆದು ಪರೀಕ್ಷೆ ಮಾಡುವ ವಿಧಾನವಿದೆ. ಅದೇ ಅತ್ಯಂತ ನಂಬಿಕಸ್ಥ ವಿಧಾನ. ಆದರೆ ಅದು ಪ್ರಯೋಗಾಲಯದವರ ಕೆಲಸ, ದುಬಾರಿ ಬೇರೆ.

ಸಾಮಾನ್ಯವಾಗಿ ನಮಗೆ ಬೇಕಿರುವುದು ಮೊದಲ ಪ್ರಶ್ನೆಯ ಉತ್ತರ. ಅದರ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಎಳೆದಿದೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರು ಶ್ರಮ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ.

ಎರಡನೆಯದು: ಸಾಧನ ಮುಟ್ಟುವ ಮೊದಲು ಅವರ ಒಂದು ದಿನವನ್ನು ಬರೆದುಕೊಳ್ಳಿ

ಇಲ್ಲಿ ಆತುರ ಬೇಡ. ನಾಲ್ಕೈದು ಮನೆಗೆ ಹೋಗಿ, ಸುಮ್ನೆ ಕೂತು, "ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿರಿ?" ಅಂತ ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ನಾಲ್ಕು ಭಾಗ ಮಾಡಿ: ಸಂಪಾದನೆಯ ಕೆಲಸ, ಮನೆಗೆಲಸ, ಓಡಾಟ, ಬಿಡುವು.

ಭಾಗ ಮಾಡಿದ ಕೂಡಲೇ ಜನ ಜನಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಚಿತ್ರದುರ್ಗದ ಕಡೆ ಕುರಿ ಕಾಯುವವರಿಗೆ ಕೆಲಸ ಅಂದರೇ ನಡಿಗೆ. ಮಂಗಳೂರು ಕಡೆ ಬೀಡಿ ಕಟ್ಟುವ ಹೆಂಗಸರ ಕೈ ಒಂದು ಕ್ಷಣ ಸುಮ್ಮನಿರುವುದಿಲ್ಲ, ಆದರೆ ಮೈ ಗಂಟೆಗಟ್ಟಲೆ ಕೂತಲ್ಲೇ. ಅದನ್ನು "ದುಡಿಮೆ, ಹಾಗಾಗಿ ಚಟುವಟಿಕೆ" ಅಂತ ಬರೆದರೆ ತಪ್ಪು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಹೊಲಿಗೆ ಯಂತ್ರದ ಮುಂದೆ ಕೂತವರು ಬೇರೆ, ದಿನವಿಡೀ ನಿಂತು ಇಸ್ತ್ರಿ ಮಾಡುವವರು ಬೇರೆ. ಒಂದೇ ಕಾರ್ಖಾನೆ, ಒಂದೇ ಸಂಬಳದ ಚೀಟಿ, ಆದರೆ ಎರಡು ಗುಂಪು. ಐಟಿಯವರಿಗೆ ಕೆಲಸದಲ್ಲಿ ಏನೂ ಇಲ್ಲ, ಇರುವುದೆಲ್ಲ ಬಿಡುವಿನಲ್ಲಿ, ಅದೂ ಶನಿವಾರ ಭಾನುವಾರ.

ಇಂಡಿಯಾಬ್ ಅಧ್ಯಯನದಲ್ಲಿ ಬಿಡುವಿನ ವೇಳೆ ಆಟ ವ್ಯಾಯಾಮ ಮಾಡುತ್ತಿದ್ದವರು ಶೇ. 10ಕ್ಕಿಂತ ಕಡಿಮೆ. ನೀವು ಬರೀ ಬಿಡುವಿನ ವ್ಯಾಯಾಮ ಕೇಳಿ ಬಂದರೆ ಉಳಿದವರ ದುಡಿಮೆಯೆಲ್ಲ ಲೆಕ್ಕದ ಹೊರಗೇ ಉಳಿಯುತ್ತದೆ, ಅಲ್ವಾ?

ಮೂರನೆಯದು: ಪ್ರಶ್ನಾವಳಿ ಆರಿಸಿ, ಅದರ ಮಿತಿಯನ್ನೂ ತಿಳಿದುಕೊಳ್ಳಿ

ಎರಡು ಹೆಸರು ಸಿಕ್ಕೇ ಸಿಗುತ್ತವೆ. ಒಂದು ಜಿಪ್ಯಾಕ್ (GPAQ), ವಿಶ್ವ ಆರೋಗ್ಯ ಸಂಸ್ಥೆಯದು, 16 ಪ್ರಶ್ನೆ. ಮಾಮೂಲಿ ಒಂದು ವಾರದಲ್ಲಿ ಕೆಲಸ, ಓಡಾಟ, ಬಿಡುವು ಎಷ್ಟೆಷ್ಟು, ಕೊನೆಗೆ ಕೂತಿರುವ ಹೊತ್ತು ಎಷ್ಟು ಅಂತ ಕೇಳುತ್ತದೆ. ಮನೆಗೆಲಸವೂ ಅದರಲ್ಲಿ "ಕೆಲಸ"ದ ಒಳಗೇ ಬರುತ್ತದೆ. ಇನ್ನೊಂದು ಐಪ್ಯಾಕ್ (IPAQ). ಅದರ ಚಿಕ್ಕ ರೂಪದಲ್ಲಿ 7 ಪ್ರಶ್ನೆ, ಉದ್ದದ್ದರಲ್ಲಿ 27. ಅದು ಕಳೆದ 7 ದಿನಗಳನ್ನು ಕೇಳುತ್ತದೆ.

ಹಳ್ಳಿ, ಕೂಲಿ, ಮನೆಗೆಲಸದವರು ಜಾಸ್ತಿ ಇರುವ ಕಡೆ ನನ್ನ ಆಯ್ಕೆ ಜಿಪ್ಯಾಕ್. ಐಪ್ಯಾಕ್ ಚಿಕ್ಕ ರೂಪದ ಲೆಕ್ಕದ ನಿಯಮದಲ್ಲಿ ಒಂದು ಸಮಸ್ಯೆ ಇದೆ. ನಡಿಗೆ, ಮಧ್ಯಮ ಶ್ರಮ, ಜೋರು ಶ್ರಮ ಇವು ಮೂರರಲ್ಲಿ ಯಾವುದೇ ದಿನಕ್ಕೆ 180 ನಿಮಿಷ ದಾಟಿದರೂ ಅದನ್ನು 180ಕ್ಕೆ ಕತ್ತರಿಸಬೇಕು. ಕಚೇರಿಯವರಿಗೆ ಇದು ಸರಿ, ಅತಿಯಾಗಿ ಹೇಳಿದ್ದನ್ನು ತಡೆಯುತ್ತದೆ. ಆದರೆ ನಾಟಿ ಕಾಲದಲ್ಲಿ ಆರು ಗಂಟೆ ಗದ್ದೆಯಲ್ಲಿ ಬಗ್ಗಿದವರೂ ಮೂರು ಗಂಟೆ ಬಗ್ಗಿದವರೂ ಒಂದೇ ಆಗಿಬಿಡುತ್ತಾರೆ.

ಜಿಪ್ಯಾಕ್‌ನಲ್ಲೂ ಒಂದು ತೊಡಕಿದೆ. "ಒಮ್ಮೆಗೆ ಕನಿಷ್ಠ 10 ನಿಮಿಷ ಬಿಡದೆ" ಮಾಡಿದ್ದನ್ನು ಮಾತ್ರ ಅದು ಕೇಳುತ್ತದೆ. ಮನೆಗೆಲಸ ಹಾಗೆ ನಡೆಯುವುದಿಲ್ಲ. ಐದು ನಿಮಿಷ ಗುಡಿಸಿ, ಒಲೆ ನೋಡಿ, ಮಗು ಎತ್ತಿಕೊಂಡು, ಮತ್ತೆ ಗುಡಿಸುವುದು ಇರುತ್ತದೆ. 2020ರ ಮಾರ್ಗಸೂಚಿ ಈ 10 ನಿಮಿಷದ ಷರತ್ತನ್ನೇ ಕೈಬಿಟ್ಟಿದೆ. ಹಾಗಾಗಿ ಹೋಲಿಕೆಗೆ ಬೇಕಾದ ಮೂಲ ಪ್ರಶ್ನೆಯನ್ನು ಹಾಗೇ ಇಟ್ಟುಕೊಳ್ಳಿ, ಪಕ್ಕದಲ್ಲಿ "ಬಿಡಿ ಬಿಡಿಯಾಗಿ ಮಾಡಿದ ಮನೆಗೆಲಸ" ಅಂತ ಒಂದು ಹೆಚ್ಚಿನ ಪ್ರಶ್ನೆ ಸೇರಿಸಿ, ಅದರ ಲೆಕ್ಕವನ್ನು ಬೇರೆಯಾಗಿಯೇ ತೋರಿಸಿ.

ಪ್ರಶ್ನಾವಳಿ ಪಕ್ಕಾ ಅಳತೆ ಅಲ್ಲ ಅನ್ನುವುದೂ ತಿಳಿದಿರಲಿ. ಐಪ್ಯಾಕ್ ಅನ್ನು 12 ದೇಶಗಳಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದಾಗ, ಜನ ಹೇಳಿದ್ದಕ್ಕೂ ಉಪಕರಣ ತೋರಿಸಿದ್ದಕ್ಕೂ ಇದ್ದ ಹೊಂದಾಣಿಕೆ 0.30ರ ಆಸುಪಾಸು. 1 ಬಂದರೆ ಪೂರ್ತಿ ಹೊಂದಿಕೆ. ಗುಂಪಿನ ಚಿತ್ರಕ್ಕೆ ಇದು ಸಾಕು. ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲು ಸಾಲದು.

ನಾಲ್ಕನೆಯದು: ಪ್ರಶ್ನೆಯನ್ನು ಅವರ ಮಾತಿಗೆ ತನ್ನಿ

"ತೀವ್ರ ದೈಹಿಕ ಚಟುವಟಿಕೆ" ಅಂತ ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಉಸಿರಿನ ಲೆಕ್ಕ ಕೇಳಿ. ಕೆಲಸ ಮಾಡುತ್ತಾ ಮಾತಾಡಬಹುದು, ಆದರೆ ಹಾಡು ಹೇಳಲು ಉಸಿರು ಸಾಲುವುದಿಲ್ಲ ಅಂದರೆ ಮಧ್ಯಮ. ನಾಲ್ಕು ಪದ ಆಡುವಷ್ಟರಲ್ಲಿ ಏದುಸಿರು ಬಂದರೆ ಜೋರು. ಹಾಡಿಕೊಂಡೇ ಮಾಡಬಹುದಾದರೆ ಹಗುರ, ಅದು ಲೆಕ್ಕಕ್ಕಿಲ್ಲ.

ಚಿತ್ರದ ಕಾರ್ಡು ಮಾಡಿಕೊಳ್ಳಿ. ಪ್ರಶ್ನಾವಳಿಯ ಜೊತೆ ಸಿಗುವ ಕಾರ್ಡುಗಳಲ್ಲಿ ನಿಮ್ಮ ಊರಿಗೆ ಹೊಂದದ ಚಿತ್ರಗಳಿದ್ದರೆ ತೆಗೆದು ಗುದ್ದಲಿ ಕೆಲಸ, ಸೌದೆ ಸೀಳುವುದು, ಬಟ್ಟೆ ಒಗೆಯುವುದು, ಕಾಫಿ ಕೊಯ್ಲು, ಮೂಟೆ ಹೊರುವುದು, ಸೈಕಲ್ಲು ಹಾಕಿ. ಕಲಬುರಗಿಗೆ ಒಂದು, ಕೊಡಗಿಗೆ ಒಂದು ಬೇರೆ ಬೇರೆ ಮಾಡಬೇಕಾದೀತು, ಮಾಡಿ.

ಹೊತ್ತಿನ ನೆನಪು ಇನ್ನೂ ಕಷ್ಟ. "ಎಷ್ಟು ನಿಮಿಷ?" ಅಂದರೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ, ಅದೂ ಅರ್ಧ ಗಂಟೆ ಇಲ್ಲವೇ ಒಂದು ಗಂಟೆ. ಅವರ ದಿನದಲ್ಲೇ ಇರುವ ಗೂಟಗಳನ್ನು ಹಿಡಿಯಿರಿ. ಡೈರಿಗೆ ಹಾಲು ಹಾಕಿ ಬಂದ ಮೇಲೆ ಹೊರಟಿರಾ? ಮಧ್ಯಾಹ್ನದ ಬಸ್ಸು ಬರುವಷ್ಟರಲ್ಲಿ ವಾಪಸ್ ಬಂದಿದ್ದಿರಾ? ಶಾಲೆ ಬಿಡುವ ಹೊತ್ತಿಗೆ ಎಲ್ಲಿದ್ದಿರಿ? ಬಸ್ಸಿನ ವೇಳೆ, ಡೈರಿಯ ವೇಳೆ ನಿಮಗೆ ಗೊತ್ತಿದ್ದರೆ ನಿಮಿಷಗಳನ್ನು ನೀವೇ ಎಣಿಸಿಕೊಳ್ಳಬಹುದು. ದಿನಗಳ ಲೆಕ್ಕಕ್ಕೆ "ಹೋದ ಸಂತೆಯಿಂದ ಈ ಸಂತೆಯವರೆಗೆ" ಅಂತ ಕೇಳಿ.

ಅತ್ತೆ, ಗಂಡ ಪಕ್ಕದಲ್ಲಿ ಕೂತಿರುವಾಗ ಸೊಸೆಯ ಉತ್ತರ ಬೇರೆ ಬರುತ್ತದೆ. ಆದಷ್ಟು ಹೆಂಗಸರನ್ನು ಹೆಂಗಸರೇ ಮಾತಾಡಿಸಲಿ, ಒಬ್ಬರೇ ಇರುವಾಗ.

ಐದನೆಯದು: ತಿಂಗಳು ನೋಡಿ ಹೊರಡಿ

ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಮಲ್ಪೆಯ ಮೀನುಗಾರರನ್ನು ಜುಲೈನಲ್ಲಿ ಅಳೆದರೆ ಏನು ಸಿಗುತ್ತದೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಲೆ ಸರಿಮಾಡುತ್ತಾ ಕೂತವರನ್ನು ಅಳೆದು ಬರುತ್ತೀರಿ ಅಷ್ಟೇ. ಕಾಫಿ ತೋಟದ ಕೆಲಸಗಾರರ ಕೊಯ್ಲಿನ ತಿಂಗಳಿಗೂ ಮಳೆಯ ತಿಂಗಳಿಗೂ ಹೋಲಿಕೆಯೇ ಇಲ್ಲ. ಮಳೆಯಾಶ್ರಿತ ರಾಗಿ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ಹೋದರೆ ಜನ ಕಟ್ಟೆ ಮೇಲೆ ಸಿಗುತ್ತಾರೆ.

ಸಾಧ್ಯವಿದ್ದರೆ ಅದೇ ಜನರನ್ನು ಎರಡು ಕಾಲದಲ್ಲಿ ಅಳೆಯಿರಿ. ಆಗದಿದ್ದರೆ ಯಾವ ತಿಂಗಳು, ಆಗ ಊರಿನಲ್ಲಿ ಏನು ಕೆಲಸ ನಡೆಯುತ್ತಿತ್ತು ಅಂತ ವರದಿಯ ಮೊದಲ ಪುಟದಲ್ಲೇ ಹಾಕಿ. ವಾರದ ದಿನಗಳಲ್ಲೂ ಇದೇ ಕಥೆ. ಪೇಟೆಯಲ್ಲಿ ರಜೆ ಅಂದರೆ ಭಾನುವಾರ. ಆದರೆ ನಮ್ಮ ಹಲವು ಹಳ್ಳಿಗಳಲ್ಲಿ ಎತ್ತಿನ ಹೆಗಲಿಗೆ ನೊಗ ಇಡದ ದಿನ ಸೋಮವಾರ.

ಆರನೆಯದು: ಎಷ್ಟು ಜನ?

ಇದನ್ನು ಬೇಗ ಮುಗಿಸುತ್ತೇನೆ. ಅರ್ಧದಷ್ಟು ಜನ ನಿಷ್ಕ್ರಿಯರು ಅಂತ ಅಂದುಕೊಂಡು, ಶೇ. 5ರಷ್ಟು ಆಚೀಚೆ ಒಪ್ಪಿಕೊಂಡರೆ 384 ಜನ ಬೇಕು. ಮನೆ ಮನೆಗೆ ಚೀಟಿ ಎತ್ತಿ ಹೋಗದೆ ಬೀದಿ ಬೀದಿಯಾಗಿ ಆರಿಸಿದರೆ ಒಂದೇ ಬೀದಿಯವರು ಒಂದೇ ಥರ ಇರುತ್ತಾರೆ, ಅದಕ್ಕೆ ಒಂದೂವರೆ ಪಟ್ಟು ಮಾಡಿ, 576. ಕೆಲವರು ಸಿಗುವುದಿಲ್ಲ, ಒಪ್ಪುವುದಿಲ್ಲ, ಅದಕ್ಕೆ ಹತ್ತರಲ್ಲಿ ಒಂದು ಪಾಲು ಬಿಟ್ಟುಕೊಂಡರೆ 640. ಗಂಡಸರು ಹೆಂಗಸರನ್ನು ಹೋಲಿಸಬೇಕಾದರೆ ಎರಡೂ ಕಡೆ ಸಾಕಷ್ಟು ಜನ ಬೇಕು. ಹಗಲು ಹತ್ತು ಗಂಟೆಗೆ ಬಾಗಿಲು ತಟ್ಟಿದರೆ ಸಿಗುವವರು ಮನೆಯಲ್ಲಿ ಉಳಿದವರು. ದುಡಿಯಲು ಹೋದವರು ಸಂಜೆ ಸಿಗುತ್ತಾರೆ, ಸಂಜೆಯೇ ಹೋಗಿ.

ಏಳನೆಯದು: ಉಪಕರಣ ಕಟ್ಟುವುದಾದರೆ

ಸಂಶೋಧನೆಯಲ್ಲಿ ಬಳಸುವುದು ಆಕ್ಸಿಲರೊಮೀಟರ್. ಬೆಂಕಿಪೊಟ್ಟಣದಷ್ಟಿರುವ ಪೆಟ್ಟಿಗೆ, ಮೈ ಅಲುಗಾಟವನ್ನು ಸೆಕೆಂಡು ಸೆಕೆಂಡಿಗೆ ದಾಖಲಿಸುತ್ತದೆ. ಏಳು ದಿನ ಕಟ್ಟಿಸಿ, ಕನಿಷ್ಠ ನಾಲ್ಕು ದಿನ, ದಿನಕ್ಕೆ 10 ಗಂಟೆಯಾದರೂ ಮೈಮೇಲಿದ್ದರೆ ಆ ದಾಖಲೆಯನ್ನು ಒಪ್ಪಿಕೊಳ್ಳುವುದು ರೂಢಿ. ರಜೆಯ ದಿನ ಒಂದಾದರೂ ಅದರಲ್ಲಿರಲಿ.

ಸೊಂಟಕ್ಕೋ ಮಣಿಕಟ್ಟಿಗೋ ಅನ್ನುವುದು ದೊಡ್ಡ ಪ್ರಶ್ನೆ. ಸೀರೆ ಉಟ್ಟವರಿಗೆ ಕ್ಲಿಪ್ ಹಾಕಿದರೆ ನೆರಿಗೆಯ ಜೊತೆ ಜಾರುತ್ತದೆ. ಎಲಾಸ್ಟಿಕ್ ಪಟ್ಟಿಗೆ ಕಟ್ಟಿ ಸೀರೆಯ ಒಳಗೆ ಸೊಂಟದ ಮೂಳೆಯ ಮೇಲೆ ಕೂರಿಸಬೇಕು, ಹೇಗೆ ಕಟ್ಟಿಕೊಳ್ಳುವುದು ಅಂತ ಒಬ್ಬ ಹೆಂಗಸೇ ತೋರಿಸಿಕೊಡಬೇಕು. ಮಣಿಕಟ್ಟಿಗೆ ಕಟ್ಟುವುದು ಸುಲಭ, ಜನ ಬಿಚ್ಚಿಡುವುದೂ ಕಡಿಮೆ. ಆದರೆ ಮಣಿಕಟ್ಟು ಏನು ಹೇಳುತ್ತದೆ ಅಂತ ಹತ್ತಿರದಿಂದ ನೋಡಿ. ಬಾಗಲಕೋಟೆ ಕಡೆಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವವರ ಬಲಗೈ ಗಮನಿಸಿ. ಅಂಗೈ ಪಟಪಟ ಬೀಳುತ್ತದೆ, ಹಿಟ್ಟು ತಿರುಗುತ್ತಾ ಅಗಲವಾಗುತ್ತದೆ, ಎತ್ತಿ ಹಂಚಿಗೆ ಹಾಕಿ ನೀರು ಸವರಿ ಮತ್ತೆ ಮುಂದಿನ ಉಂಡೆ. ಮೈ ಕೂತಲ್ಲೇ ಇದೆ, ಕೈಯಲ್ಲಿರುವ ಪಟ್ಟಿ ಮಾತ್ರ ಹೆಜ್ಜೆ ಎಣಿಸುತ್ತಾ ಹೋಗಬಹುದು. ಅದೇ ಹೆಂಗಸು ಆಮೇಲೆ ತಲೆ ಮೇಲೆ ಕೊಡ ಇಟ್ಟು, ಎರಡೂ ಕೈಯಲ್ಲಿ ಹಿಡಿದು, ಬಾವಿಯಿಂದ ನಡೆದು ಬರುತ್ತಾಳೆ. ಈಗ ಕೈ ಬೀಸುತ್ತಿಲ್ಲ, ಪಟ್ಟಿ ಹೆಜ್ಜೆ ಬಿಟ್ಟುಬಿಡುತ್ತದೆ. ಕೊಡದ ಭಾರವಂತೂ ಯಾವ ಪಟ್ಟಿಗೂ ತಿಳಿಯುವುದಿಲ್ಲ, ಸೊಂಟದ್ದಕ್ಕೂ ಇಲ್ಲ. ಸೈಕಲ್ ತುಳಿಯುವುದೂ ಸೊಂಟದ ಪೆಟ್ಟಿಗೆಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಉಪಕರಣ ಕೊಟ್ಟ ಮನೆಯಲ್ಲಿ ಒಂದು ಚಿಕ್ಕ ದಿನಚರಿ ಹಾಳೆಯನ್ನೂ ಕೊಡಿ: ಯಾವಾಗ ಬಿಚ್ಚಿಟ್ಟರು, ಯಾವಾಗ ಭಾರ ಹೊತ್ತರು, ಯಾವಾಗ ಸೈಕಲ್ ತುಳಿದರು. ಓದು ಬರಹ ಬಾರದವರಿಗೆ ಚಿತ್ರದ ಮೇಲೆ ಗೀಟು ಹಾಕಿದರೆ ಸಾಕು.

ಪೆಟ್ಟಿಗೆ ಕೊಡುವ ಸಂಖ್ಯೆಗೆ "ಇಷ್ಟಾದರೆ ಮಧ್ಯಮ" ಅಂತ ಒಂದು ಗಡಿ ಬೇಕು. ಸೊಂಟಕ್ಕೆ ಕಟ್ಟುವ ಆಕ್ಟಿಗ್ರಾಫ್ ಅನ್ನುವ ಕಂಪನಿಯ ಆಕ್ಸಿಲರೊಮೀಟರ್‌ಗೆ ಅಮೆರಿಕದ 2003-04ರ ಆರೋಗ್ಯ ಸಮೀಕ್ಷೆಯ ವಿಶ್ಲೇಷಣೆಯಲ್ಲಿ ದೊಡ್ಡವರಿಗೆ ನಿಮಿಷಕ್ಕೆ 2020 ಎಣಿಕೆಯ (ಹೆಜ್ಜೆಯದಲ್ಲ, ಅಲುಗಾಟದ ಎಣಿಕೆ) ಗಡಿ ಹಾಕಿದ್ದರು, ಈಗಲೂ ತುಂಬಾ ಜನ ಅದನ್ನೇ ಬಳಸುತ್ತಾರೆ. ಇಂಥ ಗಡಿಗಳು ಬಹುಪಾಲು ನಡಿಗೆ, ಓಟ ಮಾಡಿಸಿ ಕಂಡುಕೊಂಡವು. ಕೂತು ಬಗ್ಗಿ ಕಳೆ ಕೀಳುವವರಿಗೆ ಅವು ಅನ್ಯಾಯ ಮಾಡುತ್ತವೆ. ಸೊಂಟದ ಗಡಿಯನ್ನು ಮಣಿಕಟ್ಟಿನ ದಾಖಲೆಗೆ ಯಾವತ್ತೂ ಹಾಕಬೇಡಿ.

ಮೊಬೈಲಿನ ಹೆಜ್ಜೆ ಎಣಿಕೆ ಪುಕ್ಕಟೆ ಸಿಗುತ್ತದೆ ಅಂತ ಆಸೆಯಾಗುತ್ತದೆ. ಗಂಡಸರ ಫೋನು ಜೇಬಿನಲ್ಲಿ ಅವರ ಜೊತೆ ತಿರುಗುತ್ತದೆ, ಹೆಂಗಸರದ್ದು ಅಡುಗೆಮನೆಯ ಗೂಡಿನಲ್ಲಿ ಇರುತ್ತದೆ. ಎಷ್ಟೋ ಮನೆಯಲ್ಲಿ ಇಬ್ಬರಿಗೂ ಒಂದೇ ಫೋನು. ಗಂಡು ಹೆಣ್ಣಿನ ಹೋಲಿಕೆಗೆ ಇದನ್ನು ಬಳಸಬೇಡಿ. ಇನ್ನು 10,000 ಹೆಜ್ಜೆ ಅನ್ನುವ ಗುರಿ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು. ಅದನ್ನು ಪಾಸು ಫೇಲಿನ ಗೆರೆ ಮಾಡಬೇಡಿ.

ಎಂಟನೆಯದು: ಮಕ್ಕಳು, ಮುದುಕರು, ಬಸುರಿಯರು, ಗಾಲಿಕುರ್ಚಿಯವರು

ಹತ್ತು ವರ್ಷದೊಳಗಿನ ಮಕ್ಕಳಿಗೆ "ಕಳೆದ ವಾರ ಎಷ್ಟು ನಿಮಿಷ ಆಡಿದೆ?" ಅಂತ ಕೇಳುವುದು ವ್ಯರ್ಥ. ಅವರ ಆಟ ಸೆಕೆಂಡುಗಳಲ್ಲಿ ನಡೆಯುತ್ತದೆ. ಓಡಿ, ನಿಂತು, ಮತ್ತೆ ಓಡುತ್ತಾರೆ. ಉಪಕರಣ ಹಾಕಿದರೂ ಒಂದು ನಿಮಿಷದ ಮೊತ್ತ ತೆಗೆದುಕೊಂಡರೆ ಆ ಓಟ ನಿಂತ ಹೊತ್ತಿನ ಜೊತೆ ಬೆರೆತು ಮಾಯವಾಗುತ್ತದೆ. 15 ಸೆಕೆಂಡು ಅಥವಾ ಇನ್ನೂ ಚಿಕ್ಕ ಅವಧಿ ಇಡಿ. ಉಪಕರಣ ಇಲ್ಲದಿದ್ದರೆ ಆಟದ ಮೈದಾನದಲ್ಲಿ ನಿಂತು ನಿಗದಿತ ಹೊತ್ತಿಗೊಮ್ಮೆ ಕಣ್ಣು ಹಾಯಿಸಿ ಎಷ್ಟು ಜನ ಕೂತಿದ್ದಾರೆ, ನಡೆಯುತ್ತಿದ್ದಾರೆ, ಓಡುತ್ತಿದ್ದಾರೆ ಅಂತ ಎಣಿಸುವುದು ಒಳ್ಳೆಯ ವಿಧಾನ. ಹುಡುಗ ಹುಡುಗಿಯರನ್ನು ಬೇರೆ ಬೇರೆ ಎಣಿಸಿ. ಮೈದಾನದ ನಡುವೆ ಯಾರು, ಅಂಚಿನಲ್ಲಿ ಯಾರು ಅಂತ ಕಣ್ಣಿಗೇ ಕಾಣುತ್ತದೆ.

ವಯಸ್ಸಾದವರು ನಿಧಾನ ನಡೆಯುತ್ತಾರೆ, ಹೆಜ್ಜೆ ಎಳೆಯುತ್ತಾರೆ. ಅಗ್ಗದ ಪೆಡೋಮೀಟರು ಆ ಹೆಜ್ಜೆಗಳನ್ನು ತಪ್ಪಿಸುತ್ತದೆ. ಕೋಲು ಹಿಡಿದವರಿಗೆ ಕೋಲಿಲ್ಲದ ಕೈಗೆ ಪಟ್ಟಿ ಕಟ್ಟಿ. 65 ದಾಟಿದವರಿಗಾಗಿಯೇ ಮಾಡಿದ ಪೇಸ್ (PASE) ಅನ್ನುವ ಪ್ರಶ್ನಾವಳಿ 1993ರಿಂದ ಇದೆ, ಮನೆಗೆಲಸ, ಗಿಡಗಳ ಆರೈಕೆ, ಇನ್ನೊಬ್ಬರ ಆರೈಕೆ ಎಲ್ಲ ಅದರಲ್ಲಿದೆ. ಜೊತೆಗೆ 30 ಸೆಕೆಂಡಿನಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದರು ಅಂತ ಎಣಿಸಿಕೊಳ್ಳಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ನಿಂತಿರಲಿ. ಇದು ಚಟುವಟಿಕೆಯ ಅಳತೆ ಅಲ್ಲ, ಕಾಲಿನ ಬಲದ್ದು, ಆದರೆ ಕಡಿಮೆ ಓಡಾಟಕ್ಕೆ ಕಾರಣ ಏನು ಅಂತ ಹೇಳುತ್ತದೆ.

ಬಸುರಿಯರಿಗೂ ಅವರದೇ ಪ್ರಶ್ನಾವಳಿ ಇದೆ, ಎಷ್ಟನೇ ತಿಂಗಳು ಅಂತ ಬರೆಯದೆ ಅದರ ಅಂಕಿಗೆ ಬೆಲೆಯಿಲ್ಲ. ಗಾಲಿಕುರ್ಚಿ ಬಳಸುವವರಿಗೆ ಹೆಜ್ಜೆ ಎಣಿಸುವ ಯಾವುದನ್ನೂ ಕೊಡಬೇಡಿ. ಮಣಿಕಟ್ಟಿನ ಉಪಕರಣ, ಎಷ್ಟು ಹೊತ್ತು ತಾವೇ ತಳ್ಳಿಕೊಂಡರು, ಎಷ್ಟು ಹೊತ್ತು ಬೇರೆಯವರು ತಳ್ಳಿದರು ಅನ್ನುವ ದಿನಚರಿ, ಇವೆರಡೂ ಬೇಕು. ಅವರನ್ನು ಸಮೀಕ್ಷೆಯಿಂದಲೇ ಬಿಟ್ಟುಬಿಡುವುದು ರೂಢಿಯಾಗಿಬಿಟ್ಟಿದೆ. ಬಿಡಬೇಡಿ.

ಒಂಬತ್ತನೆಯದು: ಲೆಕ್ಕ

ಲೆಕ್ಕದ ಮೂಲ ಅಳತೆ ಮೆಟ್. ಸುಮ್ಮನೆ ಕೂತಾಗ ಮೈಗೆ ಬೇಕಾದ ಶಕ್ತಿ 1 ಮೆಟ್. ಜಿಪ್ಯಾಕ್ ಮಧ್ಯಮ ಶ್ರಮಕ್ಕೂ ನಡಿಗೆ, ಸೈಕಲ್ ಓಡಾಟಕ್ಕೂ 4, ಜೋರು ಶ್ರಮಕ್ಕೆ 8 ಹಾಕುತ್ತದೆ. ನಿಮಿಷ, ದಿನ, ಮೆಟ್ ಗುಣಿಸಿ ವಾರದ ಮೊತ್ತ ತೆಗೆಯಬೇಕು. 600 ಮುಟ್ಟಿದರೆ ಸಾಕಷ್ಟು ಅಂತ ಲೆಕ್ಕ.

ಬ್ಯಾಂಕಿನವರು ವಾರಕ್ಕೆ 5 ದಿನ 30 ನಿಮಿಷ ನಡೆದರೆ 30 ಗುಣಿಸು 5 ಗುಣಿಸು 4, ಸರಿಯಾಗಿ 600. ಕಳೆ ಕೀಳುವವರು 5 ದಿನ 240 ನಿಮಿಷ ಕೆಲಸ ಮಾಡಿದರೆ 4,800. ಎಂಟು ಪಟ್ಟು. ಆದರೆ ಇದರಿಂದ ಅವರ ಆರೋಗ್ಯ ಎಂಟು ಪಟ್ಟು ಚೆನ್ನಾಗಿದೆ ಅಂತಲ್ಲ. 2021ರಲ್ಲಿ ಕೋಪನ್‌ಹೇಗನ್‌ನ ಒಂದು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ಬಿಡುವಿನ ಚಟುವಟಿಕೆ ಜಾಸ್ತಿ ಇದ್ದವರಿಗೆ ಹೃದಯದ ಅಪಾಯ ಕಡಿಮೆ ಕಂಡಿತು, ಕೆಲಸದ ಶ್ರಮ ಜಾಸ್ತಿ ಇದ್ದವರಿಗೆ ಅಪಾಯ ಜಾಸ್ತಿ ಕಂಡಿತು. ವಿಶ್ರಾಂತಿಯಿಲ್ಲದ ದುಡಿಮೆ ಬೇರೆ, ಇಷ್ಟಪಟ್ಟು ಮಾಡುವ ನಡಿಗೆ ಬೇರೆ. ಅದಕ್ಕೇ ಕೆಲಸ, ಓಡಾಟ, ಬಿಡುವು ಮೂರರ ಮೊತ್ತವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಕೂತ ಹೊತ್ತಿಗೆ ಇನ್ನೊಂದು ಸಾಲು.

ಲೆಕ್ಕಕ್ಕೆ ಮೊದಲು ಅಂಕಿ ಸ್ವಚ್ಛ ಮಾಡಿ. ಗಂಟೆಯ ಜಾಗದಲ್ಲಿ ನಿಮಿಷ ಬಿದ್ದು "30 ಗಂಟೆ" ಆಗಿರುವುದು ತುಂಬಾ ಸಾಮಾನ್ಯ. ವಾರಕ್ಕೆ 7ಕ್ಕಿಂತ ಜಾಸ್ತಿ ದಿನ, ಒಂದೇ ಬಗೆಯ ಕೆಲಸ ದಿನಕ್ಕೆ 16 ಗಂಟೆಗಿಂತ ಜಾಸ್ತಿ ಬಂದಿದ್ದರೆ ಜಿಪ್ಯಾಕ್ ನಿಯಮದಂತೆ ಆ ವ್ಯಕ್ತಿಯ ದಾಖಲೆ ಬಿಡಬೇಕು. ಎಷ್ಟು ಬಿಟ್ಟಿರಿ, ಯಾರನ್ನು ಬಿಟ್ಟಿರಿ ಅಂತ ಬರೆಯಿರಿ. ಬಿಟ್ಟವರೆಲ್ಲ ಕೂಲಿಯವರೇ ಆಗಿದ್ದರೆ ಪ್ರಶ್ನೆ ಕೇಳಿದ ರೀತಿಯಲ್ಲೇ ಏನೋ ತಪ್ಪಿದೆ. ಸರಾಸರಿ ಬೇಡ, ಕೆಲವರ 10,000 ದಾಟಿದ ಮೊತ್ತ ಅದನ್ನು ಎಳೆದಾಡುತ್ತದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ಬರುವವರ ಅಂಕಿ ಕೊಡಿ.

ಕೊನೆಯದು: ಒಪ್ಪಿಗೆ, ಮತ್ತು ವಾಪಸ್ ಹೋಗುವುದು

ಕಾಲೇಜಿನ ಪ್ರಾಜೆಕ್ಟೇ ಆದರೂ ನೈತಿಕ ಸಮಿತಿಯ ಅನುಮತಿ ತೆಗೆದುಕೊಳ್ಳಿ. 18ರೊಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಜಿಪಿಎಸ್ ಇರುವ ಪಟ್ಟಿಯಾದರೆ ಅದನ್ನು ಆಫ್ ಮಾಡಿ ಕೊಡಿ. ಸೊಸೆ ಎಲ್ಲೆಲ್ಲಿ ಹೋದಳು ಅಂತ ಮನೆಯವರು ನಿಮ್ಮ ಹತ್ತಿರ ಕೇಳಿದರೆ ಹೇಳಬೇಡಿ.

ವರದಿಯಲ್ಲಿ ಸಾಧನದ ಹೆಸರು, ಮೈಮೇಲೆ ಕಟ್ಟಿದ ಜಾಗ, ಗಡಿ ಸಂಖ್ಯೆ, ತಿಂಗಳು, ಸೇರಿಸಿದ ಹೆಚ್ಚಿನ ಪ್ರಶ್ನೆ ಎಲ್ಲ ಇರಲಿ, ಇಲ್ಲದಿದ್ದರೆ ಮುಂದಿನ ವರ್ಷ ಇನ್ನೊಬ್ಬರು ಅದೇ ಊರಿಗೆ ಹೋಗಿ ಹೋಲಿಸಲು ಆಗುವುದಿಲ್ಲ. ಫಲಿತಾಂಶ ಬಂದ ಮೇಲೆ ಒಂದು ಸಂಜೆ ಆ ಊರಿಗೆ ಹೋಗಿ, ಡೈರಿಯ ಹತ್ತಿರವೋ ಸಂಘದ ಸಭೆಯಲ್ಲೋ ಒಂದೇ ಒಂದು ಚಿತ್ರ ತೋರಿಸಿ: ಗಂಡಸರು, ಹೆಂಗಸರು, ಕೆಲಸ, ಓಡಾಟ, ಬಿಡುವು. "ಇದು ಸರಿ ಇದೆಯಾ?" ಅಂತ ಅವರನ್ನೇ ಕೇಳಿ. ಅಲ್ಲಿ ಬರುವ ತಕರಾರುಗಳನ್ನು ಬರೆದುಕೊಂಡು ವರದಿಗೆ ಸೇರಿಸಿ, ಆಮೇಲೆ ಸಲ್ಲಿಸಿ.